ಕೇಳಿಸಿದಾಗ ಗುಂಡಿ ಒತ್ತಿ

ಮೂವತ್ತೆಂಟು ಮೈಲಿಗೆ ಶುರು.
ಮೂವತ್ತೇಳಕ್ಕೆ ಇಲ್ಲ, ನಲವತ್ತೆರಡು ದಾಟಿದರೆ ಇಲ್ಲ,
ನಡುವಿನ ಆ ಓಣಿಯಲ್ಲಿ ಮಾತ್ರ
ಹಿಂದಿನ ಸೀಟಿನಲ್ಲಿ ಯಾರೋ ಕೂತು
ಹಲ್ಲುಸಂದಿಯಿಂದ ಸಿಳ್ಳು ಹಾಕಿದ ಹಾಗೆ.
ಕಾಲು ತೆಗೆದರೆ ಒಂದು ಟಕ್.
ಮತ್ತೆ ಒತ್ತಿದರೆ ಅದೇ ಸಿಳ್ಳು.

ಕಾರಿನ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದವಳು ನಾನು.
ಬೈಕಿನ ಲೈಸೆನ್ಸ್ ಸಾಕು, ಇದನ್ನು ಓಡಿಸಬಹುದು ಅಂದರು.
ಮುಂದೆ ಒಂದು ಗಾಲಿ, ಹಿಂದೆ ಎರಡು,
ಫೈಬರಿನ ಮೈ, ಸಾಸಿವೆ ಬಣ್ಣ,
ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿದು.
ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಹಾದುಹೋಗುವವರೆಲ್ಲ
ಒಮ್ಮೆ ತಟ್ಟಿ ನೋಡುತ್ತಾರೆ,
ಹಲಸು ಹಣ್ಣಾಗಿದೆಯೇ ಅಂತ ನೋಡುವ ಹಾಗೆ.

ಕ್ರೇಡ್ಲಿ ಹೀತ್‌ನಲ್ಲಿ, ರೈಲು ಹಳಿಯ ಮಗ್ಗುಲಿಗೆ
ಕ್ಲೈವ್ ಟ್ರೋಮನ್ಸ್‌ನ ಶೆಡ್ಡು.
ಹದಿನಾರಕ್ಕೇ ಕುಲುಮೆ ಸೇರಿದವನು;
ಹಡಗಿನ ಲಂಗರಿನ ಸರಪಳಿ, ಒಂದೊಂದು ಕೊಂಡಿಯೂ
ಕರುವಿನ ತಲೆಯಷ್ಟು ದಪ್ಪ.
ಮೊದಲ ಸಲ ಶಾಫ್ಟಿನ ಕೀಲು ಬದಲಿಸಿದ.
ಟಕ್ ಹೋಯಿತು, ಸಿಳ್ಳು ಉಳಿಯಿತು.
ಎರಡನೇ ಸಲ ಗಾಲಿಯ ಬೇರಿಂಗು.
ಮೂರನೆಯದಕ್ಕೆ ಹಿಂದಿನ ಆಕ್ಸಲಿಗೆ ಹೊಸ ಎಣ್ಣೆ,
ಜೇನಿನಷ್ಟು ಮಂದ, ನಾರುವ ಎಣ್ಣೆ.
ಪ್ರತಿ ಸಲವೂ ಊರು ಸುತ್ತಿಸಿ ತಂದು, ಕೈ ಒರೆಸಿಕೊಂಡು,
"ಏನೂ ಇಲ್ಲ ಕಣಮ್ಮ, ಬೆಣ್ಣೆ."
ಪಕ್ಕದ ಸೀಟಿನಲ್ಲಿ ನಾನು,
ಕಿವಿಯೊಳಗೆ ಸಿಳ್ಳು ಇಟ್ಟುಕೊಂಡೇ
ಪರ್ಸು ತೆಗೆದೆ, ತೊಂಬತ್ತು ಪೌಂಡು.

ಅನುಮಾನ ಬಂದದ್ದು ಸ್ಕ್ರೂಡ್ರೈವರಿನಿಂದ.
ತುದಿಯನ್ನು ಗೇರ್‌ಬಾಕ್ಸಿಗೆ ಕೊಟ್ಟು
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ
ಕಣ್ಣು ಮುಚ್ಚಿದ.
ಆ ಎಲುಬು ನನಗೆ ಗೊತ್ತು.
ಮೈಸೂರಿನಲ್ಲಿ ಕಲಿತದ್ದು, ಡಡ್ಲಿಯಲ್ಲಿ ಅನ್ನ ಹಾಕುತ್ತಿರುವುದು
ಅದೇ ಎಲುಬು; ದಿನಕ್ಕೆ ಹದಿನಾಲ್ಕು ತಲೆಗೆ
ಅಲ್ಲೇ ಯಂತ್ರ ಕೂರಿಸುತ್ತೇನೆ.
ಎಲುಬು ನಿಯತ್ತಿನದು, ಕೇಳಿದ್ದನ್ನು ಕೇಳಿದಂತೆ ಒಪ್ಪಿಸುತ್ತದೆ.
ಆದರೆ ಒಳಗಿನ ಶಂಖದ ಸುರುಳಿಯಲ್ಲಿ
ಕೂದಲೆಲ್ಲ ಮಲಗಿಬಿಟ್ಟಿದ್ದರೆ
ಅದು ಯಾರಿಗೆ ಒಪ್ಪಿಸಬೇಕು?

"ನೀವೊಮ್ಮೆ ನನ್ನ ಶೆಡ್ಡಿಗೂ ಬನ್ನಿ," ಅಂದೆ.
"ಏನಂದೆ?" ಅಂದ.

ಬಂದ. ಇಸ್ತ್ರಿ ಮಾಡಿದ ಅಂಗಿ.
ಗಾಜಿನ ಗೂಡಿನಲ್ಲಿ ಕೂರಿಸಿ ಕೈಗೆ ಗುಂಡಿ ಕೊಟ್ಟೆ.
ಸಾವಿರಕ್ಕೆ ಒತ್ತಿದ.
ಎರಡು ಸಾವಿರಕ್ಕೆ ತಡೆದು ಒತ್ತಿದ, ಅಂದಾಜಿನ ಮೇಲೆ.
ಮೂರು, ನಾಲ್ಕು: ದನಿ ಏರಿಸಿದೆ, ಇನ್ನೂ ಏರಿಸಿದೆ,
ಬಸ್ಸು ನಿಂತುಹೋದ ಸ್ಟಾಪಿನಲ್ಲಿ
ಹೊಸಬ ಕಾಯುವ ಹಾಗೆ ಮುಖ ಎತ್ತಿ ಕೂತಿದ್ದ.
ಕಾಗದದ ಮೇಲೆ ಗೆರೆ ಕಲ್ಲುಗಣಿಗೆ ಬಿದ್ದಂತೆ ಬಿತ್ತು.
ನನ್ನ ಗಾಡಿಯ ಸಿಳ್ಳು ಇದ್ದದ್ದು ಸರಿಯಾಗಿ ಆ ಗಣಿಯೊಳಗೆ.
ಕಿವುಡನ ಮುಂದೆ ಶಂಖ ಅನ್ನುವ ಗಾದೆ ನಾಲಿಗೆಗೆ ಬಂತು.
ನುಂಗಿಕೊಂಡೆ.

ಯಂತ್ರ ಕಿವಿಗೇರಿದ ದಿನ ಬರೀ ತಕರಾರು:
ಅಂಗಿಯೇ ಸದ್ದು ಮಾಡುತ್ತದೆ,
ನಿಮ್ಮ ಗಡಿಯಾರ ಕೆಟ್ಟಿದೆ,
ಹೊರಗೆ ಆ ಹೆಂಗಸು ಯಾಕೆ ಅಷ್ಟು ಜೋರಾಗಿ ಚಿಪ್ಸ್ ತಿನ್ನುತ್ತಿದ್ದಾಳೆ.
ಆಮೇಲೆ ಕೈ ಚಾಚಿದ: "ಕೀ ಕೊಡು."

ನೆದರ್ಟನ್ ಏರಿನಲ್ಲಿ ಮೂವತ್ತಾರು, ಮೂವತ್ತೇಳು.
ಮುಳ್ಳು ಮೂವತ್ತೆಂಟು ಮುಟ್ಟಿತು.
ಸ್ಟಿಯರಿಂಗಿನ ಮೇಲಿದ್ದ ಅವನ ಬಲಗೈ ಹೆಬ್ಬೆರಳು
ಇಲ್ಲದ ಗುಂಡಿಯನ್ನು ಒತ್ತಿತು,
ನಲವತ್ತೆರಡರ ತನಕ ಬಿಡಲಿಲ್ಲ.

ಏರು ಮುಗಿದ ಮೇಲೆ ಪಕ್ಕಕ್ಕೆ ನಿಲ್ಲಿಸಿದ.
"ಇದನ್ನಾ ನಾನು ಬೆಣ್ಣೆ ಅಂದದ್ದು?"
"ಹೂಂ."
"ಹೇಳಬಾರದಿತ್ತೇ?"
"ಹೇಳಿದ್ದೆ."
ಅದೂ ಕೇಳಿಸಿತು ಅವನಿಗೆ.

ಪಿನಿಯನ್ ಬೇರಿಂಗು, ಅಂದ ಸ್ವಲ್ಪ ಹೊತ್ತಿಗೆ.
ಆಕ್ಸಲು ಬಿಚ್ಚಬೇಕು, ಸಾಮಾನು ಬರಲು ಮೂರು ವಾರ,
ನಿನ್ನ ತೊಂಬತ್ತು ವಾಪಸು.
ಎಂಜಿನ್ ಶುರು ಮಾಡಿದ, ಶೆಡ್ಡಿನ ಕಡೆಗೆ ತಿರುಗಿಸಲಿಲ್ಲ.
"ಇನ್ನೊಂದು ಸುತ್ತು," ಅಂದ,
ಮತ್ತೆ ಆ ಐದು ಮೈಲಿಯ ಓಣಿಗೇ
ಮೆಲ್ಲಗೆ ಹೊಕ್ಕ.